ಮಗಳು ಮಾನವಶಾಸ್ತ್ರ ಓದುತ್ತಾಳೆ

ರಬಾಳೆ ಅಂದರೆ ನಿಮ್ಮಲ್ಲಿ ಬಹಳ ಜನರಿಗೆ ಠಾಣೆ–ವಾಶಿ ಲೋಕಲ್‌ನ ಕಿಟಕಿಯಿಂದ ಐರೋಳಿ ಮತ್ತು ಘಣಸೋಲಿ ನಡುವೆ ಕ್ಷಣಹೊತ್ತು ಕಾಣಿಸಿ ಹೋಗುವ ಬೋರ್ಡು, ಅಷ್ಟೇ. ಠಾಣೆ–ಬೇಲಾಪುರ ರಸ್ತೆಯ ಒಂದು ಬದಿಗೆ ಎಂಐಡಿಸಿ ಕಾರ್ಖಾನೆಗಳು, ಇನ್ನೊಂದು ಬದಿಗೆ ಆಗ್ರಿ, ಕೋಳಿ ಜನರ ಹಳೆಯ ಊರುಗಳು. ಊರುಗಳ ಸುತ್ತ ನಮ್ಮಂಥವರು ಬಾಡಿಗೆಗೆ ಇರುವ ಕಟ್ಟಡಗಳು. ಮೂವತ್ತು ವರ್ಷಗಳಿಂದ ನಾನು ಈ ಎಂಐಡಿಸಿಯಲ್ಲೇ ಕೆಲಸ ಮಾಡುತ್ತಿದ್ದೇನೆ. ಲೇತ್ ಮಶಿನ್ ಮುಂದೆ ನಿಂತವನು ಈಗ ಸೂಪರ್‌ವೈಸರ್ ಎಂಬ ಹೆಸರಿನಲ್ಲಿ ಕುರ್ಚಿಯ ಮೇಲೆ ಕೂರುತ್ತೇನೆ. ಇಂಥ ನನ್ನ ಮನೆಯಲ್ಲಿ ಮಾನವಶಾಸ್ತ್ರ ಎಂಬ ಶಬ್ದ ಹೇಗೆ ಬಂತು ಎಂದು ಸಂಘದ ಕಾರ್ಯಕ್ರಮಗಳಲ್ಲಿ ಕೇಳುತ್ತಲೇ ಇರುತ್ತಾರೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎಂದು ಕೂತಿದ್ದೇನೆ.

ಮಗಳು ಹನ್ನೆರಡನೆಯ ತರಗತಿ ಮುಗಿಸಿದಾಗ ನಾನು ಕಾಮರ್ಸ್ ಅಂದೆ, ಅವಳಮ್ಮ ಬಿ.ಎಡ್. ಆಗುವ ಹಾಗೆ ಏನಾದರೂ ಅಂದಳು. ಅವಳು ಸಮಾಜಶಾಸ್ತ್ರ ತಗೊಂಡು ಬಿ.ಎ. ಸೇರಿದಳು. ಅದನ್ನು ಹೇಗೋ ನುಂಗಿಕೊಂಡೆವು. ಮೂರನೆಯ ವರ್ಷದಲ್ಲಿ ಒಂದು ಪೇಪರ್‌ಗಾಗಿ ಮನೆಯವರ ಸಂಬಂಧದ ನಕ್ಷೆ ಬರೆದು ತರಲು ಹೇಳಿದ್ದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಸಮಾನ ಗೆರೆ, ತೀರಿಹೋದವರ ಮೇಲೆ ಒಂದು ಅಡ್ಡಗೀಟು. ರಾತ್ರಿ ಊಟವಾದ ಮೇಲೆ ನಮ್ಮವ್ವನ ಮುಂದೆ ದೊಡ್ಡ ಹಾಳೆ ಹರಡಿ ಕೂತಳು.

ನಮ್ಮವ್ವ ಇಂಡಿ ತಾಲೂಕಿನವಳು. "ಏನವಾ ಇದು, ನಮ್ಮ ಮನೀ ಕಥೀ ಕೇಳಿದ್ರ ಕಾಲೇಜಿನ್ಯಾಗ ಮಾರ್ಕ್ಸ್ ಕೊಡ್ತಾರೇನು?" ಎಂದು ನಕ್ಕಳು. ನಂತರ ಶುರು ಹಚ್ಚಿದಳು. ಏಳು ತಲೆಮಾರು ಇರಲಿಲ್ಲ, ನಾಲ್ಕು ಇದ್ದವು. ಆದರೆ ಆ ನಾಲ್ಕರಲ್ಲಿ ಹಾಳೆ ಸಾಲಲಿಲ್ಲ, ಇನ್ನೊಂದು ಹಾಳೆ ಅಂಟಿಸಬೇಕಾಯಿತು. ನನ್ನ ಅವ್ವ ಅಪ್ಪ ಸೋದರತ್ತೆ–ಸೋದರಮಾವನ ಮಕ್ಕಳು. ಹಾಗಾಗಿ ಗೆರೆಗಳು ಮುಂದೆ ಹೋಗದೆ ಸುತ್ತಿ ಸುತ್ತಿ ಹಿಂದಕ್ಕೇ ಬಂದು ಸೇರಿಕೊಳ್ಳುತ್ತಿದ್ದವು.

ನನ್ನ ಪಾಳಿ ಬಂತು. "ಅಪ್ಪ, ಒಬ್ಬರು ಕಾಕಾ, ಮುಗೀತು" ಎಂದು ಮಗಳು ಎರಡು ತ್ರಿಕೋನ ಹಾಕಿದಳು. ನಮ್ಮವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುವ ಒಂದು ಗುಂಡಗ ಹಾಕವಾ. ಆಕೀನೂ ಬರಿ" ಅಂದಳು.

ನನಗೊಬ್ಬಳು ತಂಗಿ ಇದ್ದಳು. ಎಂಬತ್ತರ ದಶಕದ ಬರದಲ್ಲಿ ನಮ್ಮನ್ನು ಕರೆದುಕೊಂಡು ಅಪ್ಪ ಇಲ್ಲಿಗೆ ಬಂದದ್ದು ಕಲ್ಲಿನ ಖಣಿಗೆ. ಇಲ್ಲಿಯವರ ಬಾಯಲ್ಲಿ ಖದಾನ್. ಗುಡ್ಡದ ಬುಡದಲ್ಲಿ ತಾಡಪತ್ರಿ ಹೊದಿಸಿದ ಗುಡಿಸಲು. ಎರಡನೆಯ ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಅವಳು ಹೋದಳು. ಹೆಂಡತಿಗೆ ಇಷ್ಟು ಗೊತ್ತಿತ್ತು. ಮಗಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ತಂಗಿಯ ವಿಷಯವನ್ನೂ ಹೇಳಿರಲಿಲ್ಲ, ಖದಾನಿನ ವಿಷಯವನ್ನೂ ಹೇಳಿರಲಿಲ್ಲ. "ನಿಮ್ಮಜ್ಜ ಕಂಪನಿ ಕೆಲಸಕ್ಕೆ ಬಂದ್ರು" ಎಂದೇ ಅವಳು ಬೆಳೆದದ್ದು. ಮಗಳು ವೃತ್ತ ಹಾಕಿ, ಅದರ ಮೇಲೆ ಗೀಟು ಎಳೆದು, ಹೆಸರು ಕೇಳಿದಳು. ನಮ್ಮವ್ವ ಹೇಳಿದಳು. ನಾನು ಎದ್ದು ಗ್ಯಾಲರಿಗೆ ಹೋದೆ.

ಅದಾದ ಮೇಲೆಯೇ ಮಗಳು ಎಂ.ಎ.ಗೆ ಮಾನವಶಾಸ್ತ್ರವೇ ಬೇಕು ಅಂದದ್ದು. ಅದಾದ ಮೇಲೆಯೇ ನಾನೂ ಈ ವಿದ್ಯೆ ಎಂಥದ್ದು ಎಂದು ಓದಲು ಕೂತದ್ದು. ಲೇತ್ ಮಶಿನ್‌ನವನು ಓದಿದ್ದು ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಮೊದಲು ನನ್ನನ್ನು ಹಿಡಿದು ಕೂರಿಸಿದ್ದು ನಮ್ಮ ಸಂಬಂಧದ ಶಬ್ದಗಳೇ. ಅಪ್ಪನ ತಂಗಿ ಅತ್ತೆ, ಹೆಂಡತಿಯ ತಾಯಿಯೂ ಅತ್ತೆ. ಅವ್ವನ ಅಣ್ಣ ಮಾವ, ಹೆಂಡತಿಯ ತಂದೆಯೂ ಮಾವ. ಚಿಕ್ಕಪ್ಪನ ಮಗ, ಚಿಕ್ಕಮ್ಮನ ಮಗ ಅಣ್ಣತಮ್ಮಂದಿರು. ಅತ್ತೆಯ ಮಗ, ಮಾವನ ಮಗ ಭಾವ ಅಥವಾ ಮೈದುನ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬ ಇಡೀ ಕಾನೂನು ಈ ನಾಲ್ಕಾರು ಶಬ್ದಗಳ ಹೊಟ್ಟೆಯಲ್ಲಿ ಕೂತಿದೆ. ನಾವು ಅಂಕಲ್, ಆಂಟಿ, ಕಸಿನ್ ಎಂದು ಎಲ್ಲವನ್ನೂ ಒಂದೇ ರುಬ್ಬುಗುಂಡಿನಲ್ಲಿ ಹಾಕಿ ತಿರುವಿಬಿಟ್ಟಿದ್ದೇವೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲ 1871ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಸಂಬಂಧವಾಚಕಗಳೂ ಇವೆ. ತನ್ನ ನೆರೆಯ ಸೆನೆಕಾ ಎಂಬ ಮೂಲನಿವಾಸಿಗಳು ಸಂಬಂಧಿಕರನ್ನು ಕರೆಯುವ ರೀತಿಗೂ ನಮ್ಮ ರೀತಿಗೂ ಇರುವ ಹೋಲಿಕೆ ಕಂಡು ಆತ ಬೆರಗಾಗಿದ್ದ. ಹೋಲಿಕೆಯಿಂದ ಆತ ತೆಗೆದ ಕೆಲವು ತೀರ್ಮಾನಗಳು ಇಂದು ನಿಲ್ಲುವುದಿಲ್ಲ. ಆದರೆ ನನ್ನ ಅವ್ವನ ಬಾಯಿಯ "ಅತ್ತಿ, ಮಾವ" ಒಂದು ವಿಶ್ವವಿದ್ಯಾಲಯದ ವಿಷಯ ಎಂದು ನನಗೆ ನಂಬಿಕೆ ಬಂದದ್ದು ಅಲ್ಲಿ.

ಈ ಸಂಬಂಧಗಳನ್ನು ಭಾರತದ ಉದ್ದಗಲಕ್ಕೂ ಅಳೆದವರು ಇರಾವತಿ ಕರ್ವೆ. 1905ರಲ್ಲಿ ಬರ್ಮಾದಲ್ಲಿ ಹುಟ್ಟಿದವರು, ಅಲ್ಲಿಯ ನದಿಯ ಹೆಸರೇ ಅವರಿಗೆ. ಮುಂಬೈ ವಿಶ್ವವಿದ್ಯಾಲಯದಲ್ಲಿ ಎಂ.ಎ., ಬರ್ಲಿನ್‌ನಲ್ಲಿ ಡಾಕ್ಟರೇಟ್, ನಂತರ ಪುಣೆಯ ಡೆಕ್ಕನ್ ಕಾಲೇಜು. 1953ರ ಅವರ ಪುಸ್ತಕದಲ್ಲಿ ದೇಶವನ್ನು ನಾಲ್ಕು ವಲಯಗಳಾಗಿ ಹಂಚಿದ್ದಾರೆ. ಕರ್ನಾಟಕ ದಕ್ಷಿಣ ವಲಯದಲ್ಲಿ, ಮಹಾರಾಷ್ಟ್ರ ಉತ್ತರ–ದಕ್ಷಿಣಗಳು ಬೆರೆಯುವ ಮಧ್ಯ ವಲಯದಲ್ಲಿ. ಉತ್ತರದಲ್ಲಿ ಮಗಳನ್ನು ಅಪರಿಚಿತರ ಮನೆಗೆ ಕೊಡುತ್ತಾರೆ, ನಮ್ಮಲ್ಲಿ ಗೊತ್ತಿದ್ದ ಮನೆಗೇ ಕೊಡುವುದು ವಾಡಿಕೆ. ಹಾಗಾಗಿ ತವರು–ಅತ್ತೆಮನೆಗಳ ನಡುವಿನ ಗೋಡೆ ನಮ್ಮಲ್ಲಿ ತೆಳು ಎಂಬುದು ಅವರ ವಿವರಣೆ. ನಮ್ಮ ಕಟ್ಟಡದಲ್ಲಿ ಉತ್ತರ ಪ್ರದೇಶದ ಸೊಸೆಯೊಬ್ಬಳು ಮಾವನ ಮುಂದೆ ಸೆರಗು ಎಳೆದುಕೊಳ್ಳುವುದನ್ನು ನಾನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ನೋಡಿದ್ದೆ ಅಷ್ಟೇ.

ಇನ್ನು ನಮ್ಮ ಮುಂಬೈ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ, ಆದರೆ ಎಲ್ಲೂ ಹೇಳಿಕೊಳ್ಳದ ಒಬ್ಬರಿದ್ದಾರೆ. ಮೈಸೂರಿನ ಎಂ.ಎನ್. ಶ್ರೀನಿವಾಸ್. ಹೋಟೆಲ್ ಇಟ್ಟವರನ್ನು, ಬ್ಯಾಂಕ್ ಕಟ್ಟಿದವರನ್ನು ನಾವು ನೆನೆಯುತ್ತೇವೆ. ಓದಲಿಕ್ಕೆಂದೇ ಈ ಊರಿಗೆ ಬಂದವರನ್ನು ಮರೆಯುತ್ತೇವೆ. 1916ರಲ್ಲಿ ಹುಟ್ಟಿದ ಶ್ರೀನಿವಾಸ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ವಶಾಸ್ತ್ರದ ಆನರ್ಸ್ ಮುಗಿಸಿ ಮುಂಬೈಗೆ ಬಂದರು. ಇಲ್ಲಿ ಆಗ ಜಿ.ಎಸ್. ಘುರ್ಯೆ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥರು. ವಿಭಾಗ 1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಅವರಿಂದ ಶುರುವಾದದ್ದು. ಮಾಲ್ವಣದ ಘುರ್ಯೆ ಕೇಂಬ್ರಿಡ್ಜ್‌ನಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರ ಬಳಿ ಕಲಿತವರು. ಆ ರಿವರ್ಸ್ ನೀಲಗಿರಿಯ ತೋಡರ ನಡುವೆ ಕೆಲಸ ಮಾಡಿದವರು, ವಂಶಾವಳಿ ಬರೆದುಕೊಂಡು ಸಮಾಜವನ್ನು ಅರಿಯುವ ಕ್ರಮವನ್ನು ರೂಪಿಸಿದವರು. ಅಂದರೆ ವಿಭಾಗದ ಬಾಗಿಲಿಗೆ ಸಮಾಜಶಾಸ್ತ್ರದ ಬೋರ್ಡು, ಒಳಗೆ ನಡೆಯುತ್ತಿದ್ದುದರಲ್ಲಿ ಬಹುಪಾಲು ಮಾನವಶಾಸ್ತ್ರ. ನಮ್ಮವ್ವನ ಮುಂದೆ ಹರಡಿದ ಹಾಳೆಗೂ ಒಂದು ವಂಶಾವಳಿ ಇದೆ ನೋಡಿ: ರಿವರ್ಸ್, ಘುರ್ಯೆ, ಘುರ್ಯೆಯ ಶಿಷ್ಯರಾಗಿ ಕರ್ವೆ ಮತ್ತು ಶ್ರೀನಿವಾಸ್.

ಶ್ರೀನಿವಾಸರ ಎಂ.ಎ. ಪ್ರಬಂಧ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಮೇಲೆ. 1942ರಲ್ಲಿ ಪುಸ್ತಕವಾಯಿತು. ಜೊತೆಗೇ ಎಲ್ಎಲ್.ಬಿ.ಯನ್ನೂ ಮುಗಿಸಿದರು. ಕೆಲಸ ಸಿಗದಿದ್ದರೆ ಇರಲಿ ಎಂಬ ಲೆಕ್ಕ ಆಗಲೂ ಇತ್ತೋ ಏನೋ! ಕೊಡವರ ಬಗ್ಗೆ ಎರಡು ಸಂಪುಟದ ಪಿಎಚ್.ಡಿ. ಪ್ರಬಂಧ 1944ರಲ್ಲಿ. ಅದು ಸಾಲದೆಂದು ಆಕ್ಸ್‌ಫರ್ಡ್‌ಗೆ ಹೋಗಿ, ಅದೇ ಕೊಡಗಿನ ಟಿಪ್ಪಣಿಗಳನ್ನು ಮತ್ತೆ ಹರಡಿಕೊಂಡು, ಮೊದಲು ರ‍್ಯಾಡ್‌ಕ್ಲಿಫ್-ಬ್ರೌನ್, ನಂತರ ಇವಾನ್ಸ್-ಪ್ರಿಚರ್ಡ್ ಅವರ ಕೈಕೆಳಗೆ ಇನ್ನೊಂದು ಡಾಕ್ಟರೇಟ್. ಅದೇ ಸಾಮಗ್ರಿ, ಬೇರೆ ಪ್ರಶ್ನೆ. 1952ರಲ್ಲಿ ಬಂದ ಆ ಪುಸ್ತಕವೇ 'ಸಂಸ್ಕೃತೀಕರಣ' ಎಂಬ ಶಬ್ದಕ್ಕೆ ದಾರಿ ಮಾಡಿತು. ಚುನಾವಣೆ ಬಂದಾಗ ನಾವೆಲ್ಲ ಟೀವಿಯ ಮುಂದೆ ಕೂತು ಬಳಸುವ 'ವೋಟ್ ಬ್ಯಾಂಕ್' ಎಂಬ ಮಾತೂ 1955ರ ಅವರ ಲೇಖನದಿಂದ ಬಂದದ್ದು. ಅದು ಹುಟ್ಟಿದ್ದು ದೆಹಲಿಯಲ್ಲಲ್ಲ, ಮೈಸೂರಿನ ಹತ್ತಿರದ ಒಂದು ಹಳ್ಳಿಯ ಜಗಲಿಯಲ್ಲಿ.

ಆ ಹಳ್ಳಿಗೆ ಅವರು ಇಟ್ಟ ಹೆಸರು ರಾಂಪುರ. ನಿಜದ ಹೆಸರು ಬೇರೆ. 1948ರಲ್ಲಿ ಅಲ್ಲಿ ಹೋಗಿ ಊರ ಯಜಮಾನರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದರು. ತಿಂಗಳುಗಟ್ಟಲೆ ಇದ್ದು ಬರೆದುಕೊಂಡ ಟಿಪ್ಪಣಿಗಳನ್ನು ವರ್ಷಗಳ ಕಾಲ ವಿಂಗಡಿಸಿ ಮೂರು ಪ್ರತಿ ಮಾಡಿಟ್ಟಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೂತು ಬರೆಯುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ಮೂರೂ ಪ್ರತಿಗಳು ಸುಟ್ಟವು. ಸೋಲ್ ಟ್ಯಾಕ್ಸ್ ಎಂಬ ಹಿರಿಯ ಮಾನವಶಾಸ್ತ್ರಜ್ಞ ನೆನಪಿನಿಂದಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಹಾಗೆ ಬರೆದ ಪುಸ್ತಕ 1976ರಲ್ಲಿ ಬಂತು, ಹೆಸರಲ್ಲೇ 'ನೆನಪಿನ ಹಳ್ಳಿ' ಎಂಬ ಅರ್ಥವಿದೆ. ಮಗಳ ಕಪಾಟಿನಲ್ಲಿದ್ದದ್ದನ್ನು ಇಂಗ್ಲಿಷ್ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಎರಡು ಮಳೆಗಾಲ ಓದಿದೆ. ಜಗಳ, ಪಂಚಾಯ್ತಿ, ಎತ್ತು, ಮಳೆ ಎಲ್ಲ ನಮ್ಮೂರಿನದೇ ಅನ್ನಿಸುತ್ತದೆ. ಆದರೆ ನನ್ನಂಥವರು ಅದರಲ್ಲಿ ದೂರದಿಂದ ಕಾಣುತ್ತಾರೆ. ಯಜಮಾನರ ಆಶ್ರಯದಲ್ಲಿದ್ದ ಬ್ರಾಹ್ಮಣ ಸಂಶೋಧಕನಿಗೆ ಊರ ಕೆಳಗಿನ ಕೇರಿ ಎಷ್ಟು ಸಿಕ್ಕೀತು? ಆ ಮಿತಿಯನ್ನು ಅವರು ಮುಚ್ಚಿಡಲಿಲ್ಲ ಎಂಬುದು ದೊಡ್ಡತನ. ಆದರೂ ಮಿತಿ ಮಿತಿಯೇ.

ಇದಕ್ಕೂ ಮುಂಚೆ ನಮ್ಮ ನಾಡಿನಲ್ಲಿ ಈ ಕೆಲಸ ಸರ್ಕಾರದ ಕಚೇರಿಯಿಂದ ನಡೆಯುತ್ತಿತ್ತು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷ ಎಚ್.ವಿ. ನಂಜುಂಡಯ್ಯನವರೇ ಮೈಸೂರಿನ ಜಾತಿ–ಬುಡಕಟ್ಟುಗಳ ಸಮೀಕ್ಷೆ ನಡೆಸಿದವರು. ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಪೂರ್ತಿ ಮಾಡಿ, 1928ರಿಂದ 1935ರೊಳಗೆ ನಾಲ್ಕು ಸಂಪುಟ ಹೊರಬಂತು. ಅಲ್ಲಿ ಜಾತಿಗೊಂದು ಅಧ್ಯಾಯ. ಒಬ್ಬ ಮನುಷ್ಯ ನಿಂತು ಮಾತಾಡುವುದಿಲ್ಲ. ಹಳ್ಳಿಯಲ್ಲಿ ಹೋಗಿ ಕೂತು ಕೇಳುವುದು ಬೇರೆ ಎಂದು ಶ್ರೀನಿವಾಸರನ್ನು ಓದಿದ ಮೇಲೆ ಗೊತ್ತಾಗುತ್ತದೆ.

ಸರಿ, ಈಗ ನಿಮ್ಮ ಮನೆಯ ಮಕ್ಕಳ ವಿಷಯಕ್ಕೆ ಬರೋಣ. ಫೋನ್ ಮಾಡುವವರು ಕೇಳುವುದೇ ಅದನ್ನು.

ಹನ್ನೆರಡನೆಯ ತರಗತಿಯಲ್ಲಿ ಯಾವ ವಿಭಾಗ ಇದ್ದರೂ ಈ ಕಡೆ ಬರಬಹುದು. ಮಾನವಶಾಸ್ತ್ರಕ್ಕೆ ಎರಡು ಕಾಲು. ಒಂದು ಕಾಲು ಮದುವೆ, ಜಾತಿ, ದೇವರು, ಮಾರುಕಟ್ಟೆಗಳಲ್ಲಿ. ಇನ್ನೊಂದು ಎಲುಬು, ರಕ್ತದ ಗುಂಪು, ಆನುವಂಶಿಕತೆಯಲ್ಲಿ. ಆದ್ದರಿಂದಲೇ ದೆಹಲಿ ವಿಶ್ವವಿದ್ಯಾಲಯದಲ್ಲಿ ಇದು ಬಿ.ಎಸ್ಸಿ. ಆನರ್ಸ್. ಮುಂಬೈಯಲ್ಲಿ ಡಿಗ್ರಿ ಮಟ್ಟದಲ್ಲಿ ಸಾಮಾನ್ಯವಾಗಿ ಸಮಾಜಶಾಸ್ತ್ರದ ಜೊತೆಯಲ್ಲೇ ಸಿಗುತ್ತದೆ, ಸೇಂಟ್ ಝೇವಿಯರ್ಸ್ ಕಾಲೇಜಿನ ವಿಭಾಗದ ಹೆಸರಿನಲ್ಲೇ ಎರಡೂ ಇವೆ. ಎಂ.ಎ.ಗೆ ನಮಗೆ ಹತ್ತಿರದ್ದು ಪುಣೆ ವಿಶ್ವವಿದ್ಯಾಲಯದ ವಿಭಾಗ. ಊರ ಕಡೆ ಹೋಗುವುದಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ. (ಧಾರವಾಡದ ಆ ವಿಶ್ವವಿದ್ಯಾಲಯ 1949ರಲ್ಲಿ ಶುರುವಾದದ್ದು ಮುಂಬೈಯಲ್ಲೇ, ಮರುವರ್ಷ ಧಾರವಾಡಕ್ಕೆ ಹೋಯಿತು. ನಮ್ಮ ಊರಿನಿಂದ ಊರಿಗೆ ಮರಳಿದವರಲ್ಲಿ ಅದೂ ಒಂದು!) ಕನ್ನಡದಲ್ಲೇ ಸಂಶೋಧನೆ ಬರೆಯಬೇಕೆಂದಿದ್ದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ. ಪಾಳಿಯಲ್ಲಿ ದುಡಿಯುತ್ತ ಓದುವವರಿಗೆ ಇಗ್ನೋದ ಎಂ.ಎ. ಇದೆ, ಅದರಲ್ಲೂ ಕ್ಷೇತ್ರಕಾರ್ಯ ತಪ್ಪುವುದಿಲ್ಲ.

ಡಾಕ್ಟರೇಟ್‌ನ ನಿಯಮ ಈಚೆಗೆ ಬದಲಾಗಿದೆ. ಎಂ.ಫಿಲ್. ನಿಂತುಹೋಯಿತು. 2022ರ ಯುಜಿಸಿ ನಿಯಮದಂತೆ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇಕಡ 75 ಅಂಕ ಇದ್ದವರು ಎಂ.ಎ. ಇಲ್ಲದೆಯೂ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮೀಸಲಾತಿಯವರಿಗೆ ಇದರಲ್ಲಿ ಸಡಿಲಿಕೆ ಇದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಕೊಡಬಹುದು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಇದನ್ನು ಕೇಳಿ ನಮ್ಮ ಕಂಪನಿಯ ಹುಡುಗರು ಬಾಯಿ ತೆರೆದರು. ಓದಿದ್ದಕ್ಕೆ ಸಂಬಳವೇ! ಆದರೆ ಜೆಆರ್‌ಎಫ್ ಸಿಗುವವರು ಕೆಲವರೇ, ಹಣ ಕೈಗೆ ಬರುವುದೂ ತಡವಾಗುತ್ತದೆ ಎಂದು ಮಗಳ ಸೀನಿಯರ್‌ಗಳು ಹೇಳುತ್ತಾರೆ. ಮನೆಯಲ್ಲಿ ಆರು ತಿಂಗಳ ಖರ್ಚು ಇಟ್ಟುಕೊಂಡೇ ಈ ದಾರಿಗೆ ಇಳಿಯಿರಿ ಎಂದು ನಾನು ಹೇಳುತ್ತೇನೆ.

ಕೆಲಸ? ಸುಳ್ಳು ಹೇಳುವುದಿಲ್ಲ, ಬಹಳವಿಲ್ಲ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ 1945ರಿಂದ ಇದೆ. ಮುಖ್ಯ ಕಚೇರಿ ಕೋಲ್ಕತ್ತದಲ್ಲಿ, ಮೈಸೂರಿನಲ್ಲೂ ನಾಗಪುರದಲ್ಲೂ ಕೇಂದ್ರಗಳಿವೆ. ಆದರೆ ಹುದ್ದೆಗಳ ಜಾಹೀರಾತಿಗೆ ಕಾದು ಕೂರಬೇಕು. ಕಾಲೇಜು ಅಧ್ಯಾಪಕ ಕೆಲಸ, ಸ್ವಯಂಸೇವಾ ಸಂಸ್ಥೆಗಳು, ವಸ್ತುಸಂಗ್ರಹಾಲಯಗಳು. ಐರೋಳಿಯ ಐಟಿ ಕಂಪನಿಗಳಂಥವೂ ಈಗ ಜನ ಮೊಬೈಲನ್ನು ಹೇಗೆ ಬಳಸುತ್ತಾರೆ ಎಂದು ಮನೆಮನೆಗೆ ಹೋಗಿ ನೋಡುವವರನ್ನು ತೆಗೆದುಕೊಳ್ಳುತ್ತವೆ. ಯುಪಿಎಸ್‌ಸಿಗೆ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ಎಂಜಿನಿಯರುಗಳು ಬಹಳ, 500 ಅಂಕದ ಎರಡು ಪೇಪರ್. ಅವರು ಓದುವುದು ಬೇರೆ ಓದು.

ಮಗಳ ಎಂ.ಎ. ಪ್ರಬಂಧದ ವಿಷಯ ಈಗ ನಮ್ಮ ಮನೆಯ ಹತ್ತಿರಕ್ಕೇ ಬಂದಿದೆ. ಬೆಳಗಿನ ನಾಕಾದಲ್ಲಿ ಕೂಲಿಗೆ ನಿಲ್ಲುವ ಕನ್ನಡದ ಜನ. ಕಲಬುರ್ಗಿ, ಯಾದಗಿರಿ, ವಿಜಯಪುರದ ಗಂಡ–ಹೆಂಡಿರು, ಕೈಯಲ್ಲಿ ಬುತ್ತಿ ಡಬ್ಬಿ, ಹೆಗಲಿಗೆ ಗುದ್ದಲಿ. ಮಳೆ ಶುರುವಾಗುವ ಮೊದಲು ಊರಿಗೆ, ದಸರೆ ದೀಪಾವಳಿಯ ನಂತರ ಇಲ್ಲಿಗೆ. ನವಿ ಮುಂಬೈಯ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ಇವೂ ಇವೆ. ಆದರೆ ನಮ್ಮ ಸಂಘಗಳ ಸ್ಮರಣ ಸಂಚಿಕೆಯಲ್ಲಿ ಇವರ ಫೋಟೋ ನಾನು ನೋಡಿಲ್ಲ.

ಅವಳು ವಿಷಯ ಹೇಳಿದ ದಿನ ನಾನು ಬೇಡ ಅಂದೆ. ಹೆಣ್ಣುಹುಡುಗಿ, ನಾಕಾ, ಬೆಳಗಿನ ಆರು ಗಂಟೆ ಎಂದೆಲ್ಲ ಕಾರಣ ಕೊಟ್ಟೆ. ನಿಜದ ಕಾರಣ ಅವಳಿಗೂ ಗೊತ್ತಿತ್ತು. "ಅಪ್ಪಾ, ಪ್ರಬಂಧದಾಗ ಹೆಸರು ಬದಲಿಸ್ತೀನಿ. ರಾಂಪುರ ಅಂತ ಊರೇ ಇಲ್ಲಲ್ಲ, ಹಂಗ" ಅಂದಳು. ರಬಾಳೆಯಲ್ಲಿ ಹೆಸರು ಬದಲಿಸಿದರೆ ನಮ್ಮವರಿಗೆ ಗೊತ್ತಾಗದೇನು? ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ನಮ್ಮವ್ವನೇ, "ಕಲ್ಲು ಒಡದೀವಿ, ಕಳುವು ಮಾಡಿಲ್ಲ. ಬರೀಲಿ ಬಿಡು" ಅಂದಳು.

ಮೊದಲ ದಿನ ನಾನೇ ಜೊತೆಗೆ ಹೋದೆ. ಮಗಳು ತಾನು ಯಾರು, ಯಾಕೆ ಕೇಳುತ್ತಿದ್ದೇನೆ, ಬೇಡವಾದರೆ ಹೇಳಬೇಡಿ ಎಂದು ಕಲಿಸಿಕೊಟ್ಟಂತೆ ಒಪ್ಪಿಗೆಯ ಮಾತು ಓದಿದಳು. ಅವಳ ಕನ್ನಡ ಪುಸ್ತಕದ್ದು. ಯಾರೂ ಬಾಯಿ ಬಿಡಲಿಲ್ಲ. ಅಫಜಲಪುರ ಕಡೆಯ ಹೆಂಗಸೊಬ್ಬಳು ನನ್ನ ಕಡೆ ತಿರುಗಿ, "ನಿಮ್ಮದ್ಯಾವೂರ್ರಿ ಅಣ್ಣಾರ?" ಎಂದು ಕೇಳಿದಳು. ಊರು ಹೇಳಿದೆ. "ಎಂದ ಬಂದ್ರಿ?" ಅದನ್ನೂ ಹೇಳಿದೆ. "ಬಂದು ಎಲ್ಲಿ ಇದ್ರಿ?" ಮಗಳು ನನ್ನನ್ನೇ ನೋಡುತ್ತಿದ್ದಳು. ಖದಾನಿನ್ಯಾಗ, ಅಂದೆ. ಮೂವತ್ತು ವರ್ಷಗಳಲ್ಲಿ ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಆ ಹೆಂಗಸು ತನ್ನ ಬುತ್ತಿ ಡಬ್ಬಿ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು.

ಮಾತು ಹರಿಯಿತು. ಆದರೆ ಆಕೆಯೇ ಕೊನೆಗೆ ಮಗಳನ್ನು ಕೇಳಿದಳು: "ಇದನ್ನ ಬರದ್ರ ನಿನಗ ಡಿಗ್ರಿ ಸಿಗ್ತದ. ನನಗೇನ್ ಸಿಗ್ತದವಾ ತಂಗಿ?" ಮಗಳ ಬಳಿ ಉತ್ತರ ಇರಲಿಲ್ಲ. ಪುಣೆಗೆ ಹೋಗಿ ಮೇಡಂ ಅವರನ್ನು ಕೇಳಿದಳಂತೆ. ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿಲ್ಲ, ಪ್ರಶ್ನೆಯನ್ನು ಮಾತ್ರ ಪ್ರಬಂಧದಿಂದ ಬಿಡಬೇಡ ಅಂದರಂತೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಹೆಸರಿದ್ದರೆ ಮಕ್ಕಳ ಓದಿಗೆ, ಹೆರಿಗೆಗೆ ನೆರವು ಸಿಗುತ್ತದೆ. ಫಾರ್ಮು ಮರಾಠಿಯಲ್ಲಿ, ಇವರ ಆಧಾರ್ ಕರ್ನಾಟಕದ್ದು, ದಿನಕ್ಕೊಬ್ಬ ಮುಕಾದಮ. 90 ದಿನಕ್ಕೆ ಸಹಿ ಹಾಕುವವರು ಯಾರು? ಈ ಗಂಟು ಬಿಡಿಸುವುದು ಲೇತ್‌ನಲ್ಲಿ ಎಳೆ ಕೊಯ್ಯುವುದಕ್ಕಿಂತ ಕಷ್ಟ. ಆದರೂ ಮರಾಠಿ ಓದಿ ಬರೆಯಲು ಬರುವ ನಾನು ಒಂದು ಕೈ ನೋಡೋಣ ಎಂದೆ.

ಈಗ ಮಗಳು ಪುಣೆಯಿಂದ ಬಂದ ಭಾನುವಾರಗಳಲ್ಲಿ ನಾವಿಬ್ಬರೂ ಹೋಗುತ್ತೇವೆ. ಅವಳ ಕೈಯಲ್ಲಿ ಒಂದು ನೋಟ್‌ಬುಕ್, ನನ್ನ ಕೈಯಲ್ಲಿ ಒಂದು. ಇದುವರೆಗೆ ಹನ್ನೊಂದು ಅರ್ಜಿ ತುಂಬಿದ್ದೇವೆ, ನಾಲ್ಕು ಮರಳಿ ಬಂದಿವೆ. ನಿಮ್ಮಲ್ಲಿ ಮರಾಠಿ ಚೆನ್ನಾಗಿ ಬಲ್ಲವರು, ಐರೋಳಿ ಘಣಸೋಲಿ ಕಡೆ ಇರುವವರು ಯಾರಾದರೂ ಬಂದರೆ ಅನುಕೂಲ. ಏಳು ಗಂಟೆಯೊಳಗೆ ಬರಬೇಕು, ಆಮೇಲೆ ನಾಕಾದಲ್ಲಿ ಯಾರೂ ಸಿಗುವುದಿಲ್ಲ.